ಮರಳುದಿಬ್ಬ, ಹಿಮದ ಇಳಿಜಾರು: ಒಂದೇ ಪ್ಯಾರಾಗ್ಲೈಡರ್, ಏನೇನು ಬದಲಾಗುತ್ತೆ?

ಕಡಲಹದ್ದು:
ಮಹಾರಾಷ್ಟ್ರದ ಕಾಮ್‌ಶೇತ್‌ನಲ್ಲಿ ಪ್ಯಾರಾಗ್ಲೈಡಿಂಗ್ ಕಲಿಕೆ ಮುಗಿದಿದೆ, ಸುಮಾರು 40 ಹಾರಾಟ. ಈಗ ಇರೋದು ಮ್ಯೂನಿಕ್‌ನಲ್ಲಿ. ಫೆಬ್ರವರಿಯಲ್ಲಿ ಇಲ್ಲಿಗೆ ಹತ್ತಿರದ ಬ್ರೌನೆಕ್ ಬೆಟ್ಟದ ಸ್ಕೀ ಇಳಿಜಾರಿಂದ, ಏಪ್ರಿಲ್‌ನಲ್ಲಿ ಫ್ರಾನ್ಸಿನ ಪಿಲಾ ಮರಳುದಿಬ್ಬದಲ್ಲಿ ಹಾರುವ ಯೋಚನೆ. ವಿಂಗ್ ಇಎನ್-ಎ (ಹೊಸಬರಿಗೂ ಸರಿಹೋಗುವ ದರ್ಜೆ), ಹಾರ್ನೆಸ್ (ಕೂರುವ ಪಟ್ಟಿಗಳ ಆಸನ) ಫೋಮ್‌ನದು. ಎರಡು ಕಡೆಗೂ ಬೇರೆ ಬೇರೆ ತಯಾರಿ ಬೇಕಾ? ಸ್ಕೀ ಕಟ್ಟಿಕೊಂಡು ಟೇಕಾಫ್ ಮಾಡಿದರೆ ಓಡೋ ಕಷ್ಟ ಇಲ್ಲ ಅಂತಾರೆ, ಹೌದಾ?

ದಾರದುಂಡೆ:
ಪಿಲಾ ಬಗ್ಗೆ ಹೇಳ್ತೀನಿ, ಹಿಮದ್ದು ಬೇರೆಯವರು ಹೇಳಲಿ.

ದಿಬ್ಬ ಸುಮಾರು 100 ಮೀಟರ್ ಎತ್ತರ, ಎರಡೂವರೆ ಕಿ.ಮೀ.ಗೂ ಹೆಚ್ಚು ಉದ್ದ. ಮುಖ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆ. ಬೆನ್ನ ಹಿಂದೆ ಪೈನ್ ಕಾಡು. ಗಾಳಿ ದಿಬ್ಬಕ್ಕೆ ನೇರವಾಗಿ ಬಡಿದು ಮೇಲೇಳಬೇಕು. 30 ಡಿಗ್ರಿಗಿಂತ ಓರೆಯಾದರೆ ಲಿಫ್ಟ್ (ಮೇಲೆತ್ತುವ ಗಾಳಿ) ಹರಿದುಹೋಗುತ್ತೆ.

ಇಲ್ಲಿ ಕೆಡೋದು ಗಾಳಿ ಸಾಲದೆ ಅಲ್ಲ, ಗಾಳಿ ಅತಿಯಾಗಿ. ನಿಮ್ಮ ವಿಂಗ್ ಬ್ರೇಕ್ (ವಿಂಗ್‌ನ ಹಿಂದಿನ ಅಂಚು ಎಳೆಯೋ ಕೈಹಿಡಿ) ಮುಟ್ಟದೆ ಗಂಟೆಗೆ 36–38 ಕಿ.ಮೀ. ಹೋಗುತ್ತೆ, ಸ್ಪೀಡ್ ಬಾರ್ (ವೇಗ ಹೆಚ್ಚಿಸೋಕೆ ಕಾಲಲ್ಲಿ ಒತ್ತೋ ಕಡ್ಡಿ) ಪೂರ್ತಿ ಒತ್ತಿದರೂ 45ರ ಆಸುಪಾಸು. ದಿಬ್ಬದ ನೆತ್ತಿಯಲ್ಲಿ ಗಾಳಿ ಒತ್ತರಿಸಿಕೊಂಡು ಬರೋದರಿಂದ ಬೀಚ್‌ನಲ್ಲಿ 20 ಇದ್ದದ್ದು ಅಲ್ಲಿ 28 ಆಗಬಹುದು. ಆದ್ದರಿಂದ ನೆತ್ತಿಯಲ್ಲೇ ನಿಂತು, ಗಾಳಿ ಮೀಟರ್ ತಲೆ ಮೇಲೆ ಹಿಡಿದು ಐದು ನಿಮಿಷ ಅಳೆಯಿರಿ. 18ರಿಂದ 24 ಚೆನ್ನ. 28 ದಾಟಿದರೆ ನಿಮ್ಮ ಅನುಭವಕ್ಕೆ ಬೇಡ. ಸಮುದ್ರದ ತುಂಬ ಬಿಳಿ ನೊರೆ ಕಾಣ್ತಿದ್ದರೆ ಮೀಟರೂ ಬೇಡ, ಚಹಾ ಕುಡಿಯಿರಿ.

ಲಾಂಚ್ ನೆತ್ತಿಯ ಮೇಲಲ್ಲ, ಹತ್ತಿಪ್ಪತ್ತು ಮೀಟರ್ ಕೆಳಗೆ, ಗಾಳಿ ಮೆತ್ತಗಿರುವಲ್ಲಿ. ರಿವರ್ಸ್ ಲಾಂಚ್ (ವಿಂಗ್ ಕಡೆಗೆ ಮುಖ ಮಾಡಿ ಅದನ್ನು ಎಬ್ಬಿಸಿ, ಆಮೇಲೆ ತಿರುಗಿ ಹೊರಡೋದು) ಕೈಗೆ ಕೂತಿರಬೇಕು. ವಿಂಗ್ ಎಳೆದುಕೊಂಡು ಹೊರಟರೆ ಬ್ರೇಕ್ ಜಗ್ಗಬೇಡಿ, ಮೊದಲ ಗಳಿಗೆಯಲ್ಲಿ ಅದು ಇನ್ನೂ ಜೋರಾಗಿ ಎತ್ತುತ್ತೆ. ಕಡೆಯ ಜೋಡಿ ರೈಸರ್ (ಹಾರ್ನೆಸ್‌ಗೂ ವಿಂಗ್‌ನ ದಾರಗಳಿಗೂ ನಡುವಿನ ಪಟ್ಟಿ) ಹಿಡಿದು ಎಳೆಯಿರಿ, ಜೊತೆಗೆ ವಿಂಗ್ ಕಡೆಗೇ ಓಡಿ.

ಮೇಲೆ ಹೋದಮೇಲೆ ಎಲ್ಲ ತಿರುವೂ ಸಮುದ್ರದ ಕಡೆಗೆ. ಎದುರುಬದುರಾದಾಗ ದಿಬ್ಬ ಯಾರ ಬಲಕ್ಕಿದೆಯೋ ಅವರಿಗೆ ದಾರಿ. ಇನ್ನೊಬ್ಬರು ಬಲಕ್ಕೆ ಸರೀಬೇಕು. ನೆಲ ನೋಡಿದಾಗ ಮುಂದಕ್ಕೆ ಹೋಗ್ತಿಲ್ಲ ಅನ್ನಿಸಿದ ಕೂಡಲೇ ಬಾರ್ ಒತ್ತಿ ಸಮುದ್ರದ ಕಡೆ ನುಗ್ಗಿ. ತಡಮಾಡಿದರೆ ನೆತ್ತಿ ದಾಟಿ ಹಿಂದಿನ ರೋಟರ್‌ಗೆ (ಸುಳಿಗಾಳಿಗೆ) ಬೀಳ್ತೀರಿ, ಅಲ್ಲಿ ವಿಂಗ್ ಮಡಚಿಕೊಳ್ಳುತ್ತೆ, ಕೆಳಗೆ ಮರಗಳು.

ಭರತದ ಹೊತ್ತು ನೋಡಿಕೊಂಡು ಹೋಗಿ, ನೀರೇರಿದರೆ ಇಳಿಯೋಕೆ ಬೀಚ್ ಉಳಿಯಲ್ಲ. ಫೋಮ್ ಹಾರ್ನೆಸ್ ನೀರಲ್ಲಿ ನಿಮ್ಮ ಬೆನ್ನನ್ನು ತೇಲಿಸಿ ಮುಖವನ್ನು ಕೆಳಗೆ ಮಾಡುತ್ತೆ, ಅದಕ್ಕೇ ಅಲೆಗೆ ಇಳಿಯೋದು ಅಷ್ಟು ಅಪಾಯ.

ಇಬ್ಬನಿ:
ಬ್ರೌನೆಕ್‌ನಲ್ಲಿ ಕಥೆ ಉಲ್ಟಾ. ಮೇಲೆ ಸುಮಾರು 1500 ಮೀ., ಕೆಳಗೆ ಲೆಂಗ್‌ಗ್ರೀಸ್ ಊರು 700ರ ಹತ್ತಿರ. ಚಳಿಗಾಲದ ಬೆಳಗ್ಗೆ ಗಾಳಿಯೇ ಇರಲ್ಲ, ಆದ್ದರಿಂದ ಫಾರ್ವರ್ಡ್ ಲಾಂಚ್ (ವಿಂಗ್‌ಗೆ ಬೆನ್ನು ಮಾಡಿ ಓಡಿ ಹೊರಡೋದು). ಮೆತ್ತನೆ ಹಿಮದಲ್ಲಿ ಮೊಣಕಾಲವರೆಗೆ ಹೂತರೆ ಓಟಕ್ಕೆ ವೇಗ ಬರಲ್ಲ. 15 ಮೀಟರ್ ಉದ್ದದ ದಾರಿ ತುಳಿದು ಗಟ್ಟಿ ಮಾಡಿ, ಐದು ನಿಮಿಷ ಬಿಡಿ, ಹಿಮ ಬಿಗಿಯಾಗುತ್ತೆ. ಗಟ್ಟಿ ಇಳಿಜಾರಲ್ಲಿ ವಿಂಗ್ ತಾನಾಗಿ ಜಾರಿ ಕಾಲಡಿಗೆ ಬರುತ್ತೆ. ಹಿಂದಿನ ಅಂಚಿನ ಮೇಲೆ ಅಲ್ಲಲ್ಲಿ ಹಿಮ ಹಾಕಿ ನಿಲ್ಲಿಸಬಹುದು.

ಬೂಟಿನ ಕೊಕ್ಕೆಗಳಿಗೆ ಲೈನ್ (ವಿಂಗ್‌ನ ದಾರ) ಸಿಕ್ಕುತ್ತೆ, ಗೇಟರ್ (ಬೂಟಿನ ಮೇಲಿನ ಬಟ್ಟೆ ಹೊದಿಕೆ) ಹಾಕಿ ಅಥವಾ ಟೇಪ್ ಸುತ್ತಿ.

ಮಧ್ಯಾಹ್ನದ ಮೇಲೆ ಇಳಿಜಾರು ನೆರಳಾದರೆ ತಣ್ಣನೆ ಗಾಳಿ ಕೆಳಮುಖವಾಗಿ ಹರಿಯೋಕೆ ಶುರು, ಅಂದರೆ ನಿಮಗೆ ಹಿಂಗಾಳಿ. ಆಗ ಹೊರಡಬೇಡಿ. ದಕ್ಷಿಣದ ‘ಫೋನ್’ (Föhn) ಗಾಳಿಯನ್ನೂ, ಅಂದರೆ ಆಲ್ಪ್ಸ್ ದಾಟಿ ಇಳಿಯೋ ಬಿರುಗಾಳಿಯನ್ನೂ ನೋಡಿ: ಆಲ್ಪ್ಸ್‌ನ ದಕ್ಷಿಣದ ಬೋಲ್ಜಾನೋ, ಉತ್ತರದ ಇನ್ಸ್‌ಬ್ರುಕ್ ನಡುವೆ ಗಾಳಿಯ ಒತ್ತಡದ ವ್ಯತ್ಯಾಸ 4 ಹೆಕ್ಟೋಪಾಸ್ಕಲ್ ಮುಟ್ಟಿದರೆ ಕಣಿವೆ ಎಷ್ಟೇ ಶಾಂತವಾಗಿ ಕಂಡರೂ ಮನೆಯಲ್ಲಿರಿ.

ಜರ್ಮನಿಯಲ್ಲಿ ಮೂರನೆಯವರ ಹಾನಿಗೆ ವಿಮೆ, ಹೆಲ್ಮೆಟ್, ರಿಸರ್ವ್ ಪ್ಯಾರಾಶೂಟ್ ಕಡ್ಡಾಯ.

ಕಡಲಹದ್ದು:
ಇಬ್ಬರಿಗೂ ಧನ್ಯವಾದ. ಸ್ಕೀ ವಿಷಯ ಉಳೀತು. ಮತ್ತೆ, ವಿಂಗ್ ಒದ್ದೆಯಾದರೆ ಅಷ್ಟು ತೊಂದರೆನಾ?

ಮೇಲ್ಗಾಳಿ:
ಮೊದಲು ಇಬ್ಬನಿಯವರ ಮಾತಿಗೆ ಒಂದು ತಿದ್ದುಪಡಿ. ಹಿಂದಿನ ಅಂಚಿಗೆ ಹಾಕೋದು ಒಂದೊಂದು ಹಿಡಿ ಒಣ ಪುಡಿಹಿಮ, ಅಷ್ಟೇ. ಹಸಿ ಹಿಮ ಅಂಟಿಕೊಂಡು ಮೇಲೂ ಬರುತ್ತೆ. ವಿಂಗ್‌ನ ಮುಂದಿನ ಬಾಯಿಗಳ ಮೂಲಕ ಸೆಲ್‌ಗಳಿಗೆ (ಒಳಗೆ ಗಾಳಿ ತುಂಬೋ ಗೂಡುಗಳಿಗೆ) ಹೋದ ಹಿಮ ಇನ್ನೂ ಕೆಟ್ಟದ್ದು. ಹಿಂದಕ್ಕೆ ಜಾರಿ ಅಲ್ಲೇ ತೂಕ ಆಗುತ್ತೆ, ವಿಂಗ್ ತಲೆ ಮೇಲೆ ಬರೋದೇ ನಿಧಾನ.

ಒದ್ದೆ ವಿಂಗ್‌ನ ಅಪಾಯ ಡೀಪ್ ಸ್ಟಾಲ್. ಕಿವಿಯಲ್ಲಿ ಗಾಳಿ ಸದ್ದು ನಿಲ್ಲುತ್ತೆ, ಬ್ರೇಕ್ ಸಡಿಲ ಅನ್ನಿಸುತ್ತೆ, ವಿಂಗ್ ತೆರೆದೇ ಇರುತ್ತೆ, ಆದರೆ ನೀವು ನೆಟ್ಟಗೆ ಇಳೀತಾ ಇರ್ತೀರಿ. ಎರಡೂ ಬ್ರೇಕ್ ಪೂರ್ತಿ ಬಿಡಿ, ವಿಂಗ್ ಮತ್ತೆ ಮುಂದಕ್ಕೆ ಹೊರಡದಿದ್ದರೆ ಬಾರ್ ಒತ್ತಿ. ಒದ್ದೆ ಇದ್ದ ದಿನ ಬೇಗ ಇಳಿಯೋಕೆ ಮಾಡೋ ಬಿಗ್ ಇಯರ್ಸ್ (ವಿಂಗ್‌ನ ತುದಿಗಳನ್ನು ಮಡಚೋದು), ಬಿ-ಸ್ಟಾಲ್ (ಎರಡನೇ ಸಾಲಿನ ಲೈನ್ ಎಳೆಯೋದು) ಮುಟ್ಟಲೇಬೇಡಿ.

ಸ್ಕೀ: ಓಟ ಸುಲಭ ನಿಜ, ನಿಲ್ಲಿಸೋದು ಕಷ್ಟ. ಕಾಲಲ್ಲಿ ಓಡುವಾಗ ವಿಂಗ್ ಓರೆ ಬಂದರೆ ಎರಡು ಹೆಜ್ಜೆ ಪಕ್ಕಕ್ಕೆ ಹಾಕಬಹುದು. ಸ್ಕೀ ಮೇಲೆ ಆ ಎರಡು ಹೆಜ್ಜೆ ಇಲ್ಲ. ಬೂಟನ್ನು ಸ್ಕೀಗೆ ಹಿಡಿಸೋ ಬೈಂಡಿಂಗ್‌ನ ಬ್ರೇಕ್ ಕಡ್ಡಿಗಳು ಲೈನ್ ಹಿಡಿದುಕೊಳ್ಳುತ್ತವೆ. ಸ್ಕೀ ನಿಮಗೆ ನಡಿಗೆಯಷ್ಟೇ ಸಲೀಸಾಗಿದ್ದರೆ ಮಾತ್ರ, ಅದೂ ಬೋಧಕರ ಜೊತೆ.

ಕೈಗವಸು ದಪ್ಪ ಇರಲಿ: ಮೈನಸ್ 10ರಲ್ಲಿ 37 ಕಿ.ಮೀ. ವೇಗ ಅಂದರೆ ಚರ್ಮಕ್ಕೆ ಮೈನಸ್ 20. ಮೋಡ ಕವಿದ ದಿನ ಹಿಮದ ಮೇಲೆ ನೆರಳು ಬೀಳಲ್ಲ, ನೆಲ ಎಷ್ಟು ದೂರ ಅಂತ ಕಣ್ಣಿಗೆ ಗೊತ್ತಾಗಲ್ಲ. ಬೇಲಿಯೋ ಮರವೋ ಇರುವ ಬಯಲಲ್ಲಿ, ಅದರಿಂದ ದೂರ ಇಟ್ಟುಕೊಂಡು ಇಳಿಯಿರಿ. ಜನ ಸ್ಕೀ ಮಾಡೋ ಜಾಗದಲ್ಲಿ ಇಳೀಬೇಡಿ.

ದಾರದುಂಡೆ:
ಪಿಲಾದಿಂದ ಬಂದಮೇಲೆ ವಿಂಗನ್ನು ಹಿಂದಿನ ಅಂಚು ಮೇಲೆ ಮಾಡಿ ನೇತುಹಾಕಿ ಕೊಡವಿ, ಮರಳು ಬಾಯಿಂದ ಉದುರುತ್ತೆ. ಉಳಿದದ್ದು ಬಟ್ಟೆಯನ್ನೂ ಲೈನನ್ನೂ ಒಳಗಿಂದ ತೇಯುತ್ತೆ. ಉಪ್ಪುನೀರು ಬಿದ್ದಿದ್ದರೆ ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ, ಕ್ಯಾರಬೈನರ್‌ಗಳನ್ನೂ (ಲೋಹದ ಕೊಂಡಿಗಳನ್ನೂ). ರಿಸರ್ವ್‌ಗೆ ತೇವ ತಗುಲಿದ ಅನುಮಾನ ಇದ್ದರೂ ಬಿಚ್ಚಿ ಮತ್ತೆ ಪ್ಯಾಕ್ ಮಾಡಿಸಿ.