ಅಜ್ಜಿಮನೆ ಗ್ರೂಪಿನಲ್ಲಿ ಮಸಾಲೆ ದೋಸೆಯ ಲೆಕ್ಕ

ಭಾನುವಾರ ಬೆಳಗ್ಗೆ ನಮ್ಮ ಅಮ್ಮನ ಕಡೆಯವರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಊಟದ ಹೊತ್ತಿನ ತನಕ ಅದರ ಮೇಲೇ ವಾದ ನಡೆಯಿತು. ಎಲ್ಲರನ್ನೂ ಕೇಳಿ, ಹೆಸರು ತೆಗೆದು ಇಲ್ಲಿ ಹಾಕಿದ್ದೇನೆ. ಸುಪ್ರಭಾತದ ಹೂವುಗಳನ್ನು ಬಿಟ್ಟಿದ್ದೇನೆ.

ದೊಡ್ಡ ಮಾವ (ಫಾರ್ವರ್ಡ್): ದಿನಾ ಹೊರಗೆ ತಿಂಡಿ ಕಾಫಿಗೆ 100 ರೂಪಾಯಿ. ತಿಂಗಳಿಗೆ 3,000. ಅದೇ ಹಣವನ್ನು ಎಸ್‌ಐಪಿಗೆ (ಮ್ಯೂಚುವಲ್ ಫಂಡಿನ ತಿಂಗಳ ಕಂತಿಗೆ) ಹಾಕಿ. ವರ್ಷಕ್ಕೆ ಶೇ 12ರಂತೆ 30 ವರ್ಷಕ್ಕೆ 1 ಕೋಟಿ 5 ಲಕ್ಷ! ನಿಮ್ಮ ನಾಲಿಗೆ ನಿಮ್ಮ ಕೋಟಿಯನ್ನು ತಿನ್ನುತ್ತಿದೆ. ಎಚ್ಚೆತ್ತುಕೊಳ್ಳಿ. ಹತ್ತು ಜನಕ್ಕೆ ಕಳಿಸಿ.

ದೊಡ್ಡ ಮಾವ: ಪುಟ್ಟ, ಇದನ್ನು ನೀನು ಓದಲೇಬೇಕು.

ಪುಟ್ಟ: ಮಾವ, ಗ್ರೂಪಲ್ಲಿ ನಾನೊಬ್ಬನೇನಾ ಹೊರಗೆ ತಿನ್ನೋದು?

ಅಕ್ಕ: ಮಾವ ಹೇಳೋದು ಸರಿಯಾಗಿದೆ. ಈಗಿನ ಹುಡುಗರಿಗೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಇರಲ್ಲ.

ನಾನು: ನನಗೆ ಈ ಫಾರ್ವರ್ಡ್ ಒಂಚೂರೂ ಹಿಡಿಸಲಿಲ್ಲ ಮಾವ.

ದೊಡ್ಡ ಮಾವ: ನಿನಗೆ ಹೇಗೆ ಹಿಡಿಸುತ್ತೆ? ಬ್ಯಾಂಕಲ್ಲಿ ಇಷ್ಟು ವರ್ಷ ಕೂತವನು ಹೇಳ್ತಿದ್ದೇನೆ. ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸು.

ನಾನು: ಗುಣಾಕಾರ ಸರಿಯಾಗೇ ಇದೆ, ನಾನೂ ಮಾಡಿ ನೋಡಿದೆ. ಆದರೆ ಬೆಲೆ ಏರಿಕೆ ವರ್ಷಕ್ಕೆ ಶೇ 6 ಅಂತ ಹಿಡಿದರೆ, 30 ವರ್ಷ ಆದಮೇಲೆ ಆ ಕೋಟಿಗೆ ಇವತ್ತಿನ ಲೆಕ್ಕದಲ್ಲಿ 18 ಲಕ್ಷ ಬೆಲೆ. ಶೇ 12 ಬಂದೇ ಬರುತ್ತೆ ಅಂತ ಯಾರೂ ಬರೆದು ಕೊಟ್ಟಿಲ್ಲ. ಮತ್ತೆ, ಹೋಟೆಲಿಗೆ ಹೋಗದವನು ಉಪವಾಸ ಇರ್ತಾನಾ? ಮನೆ ತಿಂಡಿಗೂ ಅಕ್ಕಿ, ಉದ್ದು, ಗ್ಯಾಸ್, ಹಾಲು ಬೇಕಲ್ವಾ? ಅದನ್ನು ಇವರು ಕಳೆದೇ ಇಲ್ಲ.

ದೊಡ್ಡ ಮಾವ: ಸರಿ, 18 ಲಕ್ಷವೇ ಆಗಲಿ. 18 ಲಕ್ಷ ನಿನಗೆ ಬೇಡ್ವಾ?

ಪುಟ್ಟ: ನನಗೆ ಬೇಕು.

ನಾನು: ಬೇಕು ಮಾವ. ಯಾರು ಬೇಡ ಅಂದ್ರು? ನಾನು ಹೇಳೋದು, ಹೊರಗೆ ತಿನ್ನೋದು ಸೋರಿಕೆ ಅನ್ನೋ ಹಾಗೆ ಬರೆದಿದ್ದಾರಲ್ಲ, ಅದು ತಪ್ಪು. ದುಡಿದ ದುಡ್ಡಲ್ಲಿ ಸ್ವಲ್ಪ ಬಿಸಿ ದೋಸೆಗೆ ಹೋದರೆ ಅದು ಕಳೆದುಹೋದ ದುಡ್ಡಲ್ಲ.

ಅತ್ತಿಗೆ: ದುಡ್ಡು ಬಿಡಿ, ಆರೋಗ್ಯದ ಮಾತು ಯಾರೂ ಆಡ್ತಿಲ್ಲ. 2025ರ ಫೆಬ್ರುವರಿಯಲ್ಲಿ ಏನಾಯ್ತು? ಇಡ್ಲಿ ಬೇಯಿಸುವಾಗ ಬಟ್ಟೆ ಬದಲು ಪ್ಲಾಸ್ಟಿಕ್ ಹಾಳೆ ಹಾಕ್ತಾರೆ ಅಂತ ಪತ್ತೆಯಾಗಿ ಸರ್ಕಾರವೇ ನಿಷೇಧ ಮಾಡಬೇಕಾಯಿತು. ಅದರ ಹಿಂದಿನ ವರ್ಷ ಗೋಬಿ ಮಂಚೂರಿ, ಬಾಂಬೆ ಮಿಠಾಯಿ ಬಣ್ಣ. ಆಮೇಲೆ ಕಬಾಬ್ ಬಣ್ಣ. ಮಕ್ಕಳಿಗೆ ಇದನ್ನೆಲ್ಲ ತಿನ್ನಿಸೋಕೆ ನನಗೆ ಭಯ ಆಗುತ್ತೆ.

ಅಕ್ಕ: ಅದು ನಿಜ. ಕರಿದ ಎಣ್ಣೆಯನ್ನು ಎಷ್ಟು ಸಲ ಕಾಯಿಸ್ತಾರೋ ದೇವರೇ ಬಲ್ಲ.

ನಾನು: ಅತ್ತಿಗೆ, ಈ ಭಯ ಸುಮ್ನೆ ಅಂತ ನಾನು ಹೇಳಲ್ಲ. ಎಣ್ಣೆಗೂ ನಿಯಮ ಇದೆ. ಪದೇ ಪದೇ ಕಾಯಿಸಿ ಅದರಲ್ಲಿ ಕೆಟ್ಟ ಅಂಶ ಶೇ 25 ದಾಟಿದರೆ ಆ ಎಣ್ಣೆ ಬಳಸುವ ಹಾಗಿಲ್ಲ, 2018ರ ಜುಲೈಯಿಂದ ಜಾರಿಯಲ್ಲಿದೆ. ಎಲ್ಲ ಕಡೆ ಪಾಲನೆ ಆಗುತ್ತೆ ಅಂತ ನಾನು ಗಟ್ಟಿಯಾಗಿ ಹೇಳಲಾರೆ. ಅದಕ್ಕೇ ನಾವು ಕಣ್ಣು ಬಿಟ್ಟು ತಿನ್ನಬೇಕು. ಅಡುಗೆಮನೆ ಕಾಣುವ ಹಾಗಿದೆಯಾ, ಇಡ್ಲಿ ತಟ್ಟೆಯ ಮೇಲೆ ಬಟ್ಟೆ ಇದೆಯಾ, ಬೋಂಡದ ಬಾಣಲೆಯಲ್ಲಿ ಎಣ್ಣೆ ಕಪ್ಪಗಿದೆಯಾ, ಲೋಟ ತೊಳೆಯುವ ನೀರು ಹೇಗಿದೆ. ನಮ್ಮ ಊರಿನ ದರ್ಶಿನಿಗಳಲ್ಲಿ ಇದೆಲ್ಲ ಎದುರಿಗೇ ಕಾಣುತ್ತೆ. 1983ರಲ್ಲಿ ಜಯನಗರದಲ್ಲಿ ಮೊದಲ ದರ್ಶಿನಿ ಶುರುವಾದಾಗಿನಿಂದ ಅದೇ ಕ್ರಮ. ಟೋಕನ್ ತಗೋ, ಎದುರಿಗೆ ಮಾಡೋದನ್ನು ನೋಡು, ನಿಂತು ತಿನ್ನು. ಕೊಳಕು ಕಂಡರೆ ಟೋಕನ್ ತಗೊಳ್ಳದೆ ಬರಬಹುದು.

ಅತ್ತಿಗೆ: ನೋಡಿ ತಿನ್ನೋದಾದರೆ ನನ್ನದೇನೂ ತಕರಾರಿಲ್ಲ. ಬಣ್ಣ ಹಾಕಿದ್ದು ಮಾತ್ರ ಬೇಡ.

ಚಿಕ್ಕಮ್ಮ ಧಾರವಾಡ: ನಮ್ಮ ಕಡೆ ಖಾನಾವಳಿಗೆ ಬನ್ನಿ ಒಂದ್ಸಲ. ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಕೆಂಪು ಖಾರ, ಗಟ್ಟಿ ಮೊಸರು, ಹಸಿ ಮೆಂತ್ಯ ಸೊಪ್ಪು, ಈರುಳ್ಳಿ. ಜೋಳದ ರೊಟ್ಟಿಯನ್ನು ಅಲ್ಲೇ ಬಡೀತಿರ್ತಾರೆ, ಸಪ್ಪಳ ಕೇಳ್ತಾ ಉಣ್ಣಬಹುದು. ಅದರಲ್ಲಿ ಯಾವ ಬಣ್ಣ?

ಪುಟ್ಟ: ಅಮ್ಮಾ, ಹೊಟ್ಟೆ ಉರಿಸಬೇಡ. ನಾನು ಬೆಳ್ಳಂದೂರಲ್ಲಿ ತಣ್ಣಗಾದ ದೋಸೆ ತಿಂತಿದ್ದೇನೆ.

ದೊಡ್ಡ ಮಾವ: ತರಿಸಿದ್ದಾ?

ಪುಟ್ಟ: ಹೌದು. ದೋಸೆ 90, ಪ್ಯಾಕಿಂಗ್ ಬೇರೆ, ಡೆಲಿವರಿ ಬೇರೆ, ಇನ್ನೇನೋ ಫೀ ಬೇರೆ. ಎಲ್ಲ ಸೇರಿ 160 ಆಯ್ತು.

ದೊಡ್ಡ ಮಾವ: ಅದನ್ನೇ ನಾನು ಹೇಳೋದು!! ಫಾರ್ವರ್ಡ್ ತಪ್ಪು ಅಂದ್ಯಲ್ಲ, ಈಗ ಹೇಳು.

ನಾನು: ಮಾವ, ಅಲ್ಲೇ ಇರೋದು ವಿಷಯ. ನಿಮ್ಮ ಫಾರ್ವರ್ಡ್ ಪುಟ್ಟನ ಪಾರ್ಸಲನ್ನೂ ಹೋಟೆಲಲ್ಲಿ ಕೂತು ತಿನ್ನೋದನ್ನೂ ಒಂದೇ ಮಾಡಿಬಿಟ್ಟಿದೆ. ಎರಡೂ ಬೇರೆ ಬೇರೆ. ದೋಸೆ ಅನ್ನೋದು ಕಾವಲಿಯಿಂದ ತಟ್ಟೆಗೆ, ತಟ್ಟೆಯಿಂದ ಬಾಯಿಗೆ ಬರಬೇಕಾದ ವಸ್ತು. ಡಬ್ಬಿಯಲ್ಲಿ ಮುಚ್ಚಿದ ತಕ್ಷಣ ಅದರ ಹಬೆ ಅದರ ಮೇಲೇ ಕೂತು ಮೆತ್ತಗಾಗುತ್ತೆ. ಎಷ್ಟೇ ಒಳ್ಳೆ ಭಟ್ರು ಮಾಡಿದ್ದರೂ ಅಷ್ಟೇ. ಪುಟ್ಟ ಕೊಟ್ಟ 160ರಲ್ಲಿ ಅವನಿಗೆ ಸಿಕ್ಕಿದ್ದು ಹೊಟ್ಟೆ ತುಂಬಿದ್ದೊಂದೇ.

ನಾನು: ಒಂದು ದಿನ ಕಾವಲಿಯ ಹತ್ತಿರ ನಿಂತು ನೋಡಿ. ಮೊದಲು ನೀರು ಚಿಮುಕಿಸಿ ಪೊರಕೆಯಲ್ಲಿ ಎಳೆಯುತ್ತಾರೆ, ಚುಂಯ್ ಅಂತ ಹೊಗೆ ಏಳುತ್ತೆ. ಆಮೇಲೆ ಸಾಲಾಗಿ ಹಿಟ್ಟು ಹೊಯ್ದು, ಬಟ್ಟಲಿನ ತಳದಲ್ಲಿ ಒಂದೊಂದನ್ನೂ ಸುತ್ತು ತಿರುಗಿಸ್ತಾರೆ. ಮೊದಲಿನದಕ್ಕೆ ಎಣ್ಣೆ ಬೀಳುವ ಹೊತ್ತಿಗೆ ಕೊನೆಯದು ಇನ್ನೂ ಬಿಳಿ. ಅಂಚು ಕೆಂಪಗಾಗಿ ಮೇಲೆ ಏಳ್ತಿದ್ದ ಹಾಗೇ ಕೆಂಪು ಚಟ್ನಿ ಸವರಿ, ಪಲ್ಯ ಇಟ್ಟು, ಬೆಣ್ಣೆ ಹಾಕಿ ಮಡಚ್ತಾರೆ. ಒಂದು ಒಬ್ಬೆ ಮುಗಿದರೆ ಮತ್ತೆ ನೀರು, ಪೊರಕೆ. ಮನೆ ಕಾವಲಿ ತೆಳ್ಳಗಿರುತ್ತೆ, ಹಿಟ್ಟು ಬಿದ್ದ ಕೂಡಲೇ ತಣ್ಣಗಾಗುತ್ತೆ. ಹೋಟೆಲಿನದು ದಪ್ಪ ಕಬ್ಬಿಣ, ಕಾವು ಅಷ್ಟು ಬೇಗ ಇಳಿಯಲ್ಲ. ಆ ಗರಿ ಮನೆಯಲ್ಲಿ ಬರದಿರೋದು ಅಮ್ಮನ ಕೈ ತಪ್ಪಲ್ಲ.

ಅಕ್ಕ: ಈ ಮಾತನ್ನು ನನ್ನ ಗಂಡನಿಗೆ ಕಳಿಸ್ತೀನಿ ತಡಿ.

ಅಕ್ಕ: ಹಾಗೆ ನೋಡಿದರೆ ಇನ್ನೊಂದು ಲೆಕ್ಕವೂ ಬಿಟ್ಟುಹೋಗಿದೆ ಮಾವ. ಮನೆಯಲ್ಲಿ ತಿಂದರೆ 100 ಉಳೀತು ಅಂತ ಬರೆದಿದ್ದಾರೆ. ಐದೂವರೆಗೆ ಎದ್ದು ಚಟ್ನಿ ರುಬ್ಬಿ, ದೋಸೆ ಹೊಯ್ದು, ಪಾತ್ರೆ ತೊಳೆದು ಆಫೀಸಿಗೆ ಓಡುವವಳ ಕೂಲಿ ಎಷ್ಟು ಅಂತ ಎಲ್ಲಿ ಬರೆದಿದ್ದಾರೆ? ಹೋಟೆಲ್ ತಿಂಡಿ ಅಂದರೆ ಅವತ್ತು ನಾನೂ ಕೂತು ಬಿಸಿ ಬಿಸಿ ತಿಂತೀನಿ. ಮನೆಯಲ್ಲಿ ನನಗೆ ಸಿಗೋದು ಯಾವಾಗಲೂ ಕೊನೆಯ ದೋಸೆ.

ಚಿಕ್ಕಮ್ಮ ಧಾರವಾಡ: ನೂರಕ್ಕೆ ನೂರು ನಿಜ.

ಅತ್ತಿಗೆ: ನಿಜ ಅಕ್ಕ.

ನಾನು: ಅಕ್ಕ ಈಗ ನನ್ನ ಕಡೆ.

ಅಕ್ಕ: ನಿನ್ನ ಕಡೆ ಅಲ್ಲ. ನಾನು ನನ್ನ ಕಡೆ.

ದೊಡ್ಡ ಮಾವ: ಅದು ಒಪ್ಪತಕ್ಕ ಮಾತು. ಆದರೆ ಹೋಟೆಲಿನವರೂ ಮಿತಿ ಮೀರಿದ್ದಾರೆ. ಕಾಫಿ ಬೆಲೆ ನೋಡು. ನಾವು ಬೈಟು ಹೇಳಿ ಇಬ್ಬರು ಕುಡಿದು ಎದ್ದು ಬರ್ತಿದ್ವಿ. ಈಗ ಬೈಟು ಅಂದರೆ ಗಲ್ಲಾದಲ್ಲಿ ಕೂತವನು ಮುಖ ನೋಡ್ತಾನೆ.

ನಾನು: ಬೈಟು ಈಗಲೂ ಕೊಡ್ತಾರೆ ಮಾವ, ಬನ್ನಿ ತೋರಿಸ್ತೀನಿ. ಬೆಲೆ ಏರಿದ್ದು ಹೋಟೆಲಿನವರ ಆಸೆಬುರುಕತನದಿಂದ ಅಂತ ನನಗೆ ಅನ್ನಿಸಲ್ಲ. 2025ರಲ್ಲಿ ಕಾಫಿ ಪುಡಿ ಬೆಲೆ ಹೇಗೆ ಏರಿತು ನೆನಪಿದೆಯಲ್ಲ? ಅದೇ ಏಪ್ರಿಲಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಜಾಸ್ತಿ ಆಯ್ತು. ಕಾಫಿಯಲ್ಲಿ ಇರೋದೇ ಹಾಲು, ಪುಡಿ. ಬೆಲೆಯನ್ನು ಬಲವಂತವಾಗಿ ಕಟ್ಟಿಹಾಕಿದರೆ ಏನಾಗುತ್ತೆ ಅಂತ ಬೆಂಗಳೂರು ಒಮ್ಮೆ ನೋಡಿದೆ. ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗೆ ಕಡಿಮೆ ದರ ಗೊತ್ತು ಮಾಡಿದಾಗ, ಗುಣಮಟ್ಟ ಇಳಿಸಲು ಒಪ್ಪದೆ ಎಂಟಿಆರ್‌ನವರು ಬಾಗಿಲು ಹಾಕಿದರು. ಆಮೇಲೆ ಪುಡಿ, ಮಿಕ್ಸ್ ಮಾರೋಕೆ ಶುರು ಮಾಡಿದ್ದು. ಒಳ್ಳೆಯ ತುಪ್ಪ ಹಾಕೋದನ್ನು ಬಿಟ್ಟು ಬೆಲೆ ಉಳಿಸಿಕೊಳ್ಳುವ ಹೋಟೆಲಿಗಿಂತ, ಬೆಲೆ ಏರಿಸಿ ಒಳ್ಳೆಯದು ಕೊಡುವವನೇ ಮೇಲು.

ಪುಟ್ಟ: ಆದರೆ ಕೆಲವರು ಲೂಟಿನೂ ಮಾಡ್ತಾರೆ. ಕಳೆದ ವಾರ ಫ್ರೆಂಡ್ಸ್ ಜೊತೆ ಬಿಯರ್‌ಗೆ ಹೋಗಿದ್ವಿ, ಬಿಲ್ಲಿನಲ್ಲಿ ಸರ್ವೀಸ್ ಚಾರ್ಜ್ ಅಂತ ಶೇ 10 ತಾವೇ ಸೇರಿಸಿದ್ರು.

ದೊಡ್ಡ ಮಾವ: ಬಿಯರ್ ವಿಷಯ ಈ ಗ್ರೂಪಲ್ಲಿ ಬೇಡ. ಅಜ್ಜಿ ಫೋಟೋ ಇದೆ ಮೇಲೆ.

ನಾನು: ಸರ್ವೀಸ್ ಚಾರ್ಜ್ ತೆಗೆಸಬಹುದಿತ್ತು ಪುಟ್ಟ. 2022ರಲ್ಲೇ ಗ್ರಾಹಕ ಪ್ರಾಧಿಕಾರ ಹೇಳಿದೆ, ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟೂ ಎತ್ತಿಹಿಡಿಯಿತು. ಜಿಎಸ್‌ಟಿ ಕೊಡಲೇಬೇಕು, ಸರ್ವೀಸ್ ಚಾರ್ಜ್ ನಿನ್ನಿಷ್ಟ. ನಾನಾದರೆ ಅದನ್ನು ತೆಗೆಸಿ, ತಂದುಕೊಟ್ಟ ಹುಡುಗನ ಕೈಗೆ ಕೊಡ್ತೀನಿ.

ದೊಡ್ಡ ಮಾವ: ಏನೇ ಹೇಳು. ನಮ್ಮ ಅಪ್ಪಯ್ಯ ಜನ್ಮದಲ್ಲಿ ಹೊರಗೆ ತಿಂದು ದುಡ್ಡು ಕಳೆದವರಲ್ಲ. ಅದಕ್ಕೇ ಇಷ್ಟು ಜನರನ್ನು ಓದಿಸೋಕೆ ಆಯ್ತು.

ದೊಡ್ಡಮ್ಮ ಕುಂದಾಪುರ (ವಾಯ್ಸ್ ಮೆಸೇಜ್, ಕೇಳಿ ಬರೆದದ್ದು): ಎಂತ ಲೆಕ್ಕ ಮಾರಾಯ ಅದು? ಅಪ್ಪಯ್ಯ ಮುಂಬೈಯ ಮಾಟುಂಗಾದಲ್ಲಿ ಉಡುಪಿ ಹೋಟೆಲಿಗೆ ಮಾಣಿಯಾಗಿ ಸೇರಿದ್ದು ನಿನಗೆ ಮರೆತುಹೋಯ್ತಾ? ಊರಿಗೆ ಮನಿ ಆರ್ಡರ್ ಬರ್ತಿದ್ದದ್ದು ಯಾರದೋ ಮನೆಯವರು ಹೊರಗೆ ಬಂದು ಇಡ್ಲಿ ತಿಂದದ್ದಕ್ಕೇ. ನಿನ್ನ ಬಿಕಾಂ ಫೀಸು ಕಟ್ಟಿದ್ದೂ ಅದರಲ್ಲೇ. ಅವರೆಲ್ಲ ಮನೆಯಲ್ಲೇ ತಿಂದು ದುಡ್ಡು ಕೂಡಿಟ್ಟಿದ್ದರೆ ನಮಗೆ ಗಂಜಿಯೂ ಇರಲಿಲ್ಲ.

ದೊಡ್ಡ ಮಾವ: ಅಕ್ಕ, ಹೋಟೆಲ್ ಬೇಡ ಅಂದಿಲ್ಲ ನಾನು. ಅಪ್ಪಯ್ಯ ತಿನ್ನಲಿಲ್ಲ ಅಂದೆ, ಅಷ್ಟೇ.

ದೊಡ್ಡಮ್ಮ ಕುಂದಾಪುರ (ವಾಯ್ಸ್ ಮೆಸೇಜ್): ತಿನ್ನಲಿಲ್ಲ ಅಂತ ಯಾರು ಹೇಳಿದ್ದು ನಿನಗೆ? ರಜೆ ದಿನ ಒಗೆದ ಅಂಗಿ ಹಾಕಿಕೊಂಡು ಬೇರೆ ಹೋಟೆಲಿಗೆ ಹೋಗಿ ಕೂತುಕೊಳ್ತಿದ್ದರಂತೆ. ಒಂದು ಮಸಾಲೆ, ಒಂದು ಕಾಫಿ. ವಾರವೆಲ್ಲ ತಾನು ತಂದುಕೊಟ್ಟದ್ದಲ್ವಾ, ಒಂದು ದಿನ ತನ್ನ ಮುಂದೆ ಇನ್ನೊಬ್ಬ ತಂದಿಡಲಿ ಅಂತ. ಅಮ್ಮನ ಹತ್ತಿರ ಹೇಳಿದ್ದರು. ಆ ಖರ್ಚಿನ ಮೇಲೆ ಅಮ್ಮ ಯಾವತ್ತೂ ಒಂದು ಮಾತು ಆಡಿದ್ದಿಲ್ಲ.

ಅತ್ತಿಗೆ: ಇದು ನನಗೆ ಗೊತ್ತೇ ಇರಲಿಲ್ಲ ದೊಡ್ಡಮ್ಮ.

ಪುಟ್ಟ: ನನಗೂ.

ನಾನು: ದೊಡ್ಡಮ್ಮ ಹೇಳಿದ್ದೇ ನನ್ನ ಮಾತು. ಕೂತವನ ಮುಂದೆ ಬಿಸಿ ತಟ್ಟೆ ಬಂದು ಇಳಿಯೋದು ಅನ್ನೋದೊಂದು ಗೌರವ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಒಂದೇ ಕೈ ಮೇಲೆ ದೋಸೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ಬರ್ತಾರೆ. ಒಂದೇ ಮೇಜಿನಲ್ಲಿ ನಮ್ಮ ಪಕ್ಕ ಯಾರೋ ಗುರುತಿಲ್ಲದವರು. ಲಾಯರ್ ಇರಬಹುದು, ಹೂವಿನವರು ಇರಬಹುದು. ಇಬ್ಬರಿಗೂ ಅದೇ ದೋಸೆ, ಅದೇ ಚಟ್ನಿ. 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗಾಗಿ ಶುರುವಾದ ಜಾಗ, ಅದಕ್ಕೇ ಆ ಹೆಸರು. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ಹೋದರೆ ಸಾಂಬಾರ್ ಕೇಳೋ ಹಾಗೇ ಇಲ್ಲ, ಬರೀ ಚಟ್ನಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಮುಗೀತು. ಗೊತ್ತಿರೋ ನಾಲ್ಕನ್ನೇ ದಿನಾ ಅಷ್ಟೇ ಚೆನ್ನಾಗಿ ಮಾಡ್ತಾರೆ. ರಸ್ತೆ ಬದಿ ನಿಂತು, ಚಟ್ನಿ ಎರಡನೇ ಸಲ ಹಾಕಿಸಿಕೊಂಡು ತಿನ್ನುವಾಗ ನನಗೆ ಈ ಊರು ನನ್ನದು ಅನ್ನಿಸುತ್ತೆ. ಇದನ್ನು ಯಾವ ಎಸ್‌ಐಪಿಯೂ ಕೊಡಲ್ಲ ಮಾವ.

ಚಿಕ್ಕಮ್ಮ ಧಾರವಾಡ: ಬೆಂಗಳೂರಿನವರು ಇಷ್ಟು ಬರೆದರೆ ನಾವು ಮಿರ್ಚಿ ಗಿರ್ಮಿಟ್ ಬಗ್ಗೆ ಎಷ್ಟು ಬರೀಬೇಕು?

ಪುಟ್ಟ: ಅಮ್ಮಾ, ಬರೀಬೇಡ. ಮುಂದಿನ ವಾರ ನಾನೇ ಬರ್ತೀನಿ.

ಅತ್ತಿಗೆ: ದೊಡ್ಡಮ್ಮ ಬೆಂಗಳೂರಿಗೆ ಬಂದಾಗ ಎಲ್ಲ ಸೇರಿ ಹೋಗೋಣ. ಶುಕ್ರವಾರ ಮಕ್ಕಳಿಗೆ ರಜೆ ಇದೆ.

ನಾನು: ಶುಕ್ರವಾರ ವಿದ್ಯಾರ್ಥಿ ಭವನ ಬಾಗಿಲು ಹಾಕಿರುತ್ತೆ. ಬೇರೆ ದಿನ ನೋಡಿ.

ದೊಡ್ಡ ಮಾವ: ಹೋಗೋದಕ್ಕೆ ನಾನು ಅಡ್ಡ ಬಂದಿಲ್ಲ. ನನ್ನ ತಕರಾರು ಇರೋದು "ದಿನಾ" ಅನ್ನೋದಕ್ಕೆ. ದಿನಾ ತಿನ್ನು ಅಂತ ನೀನೂ ಹೇಳ್ತಿಲ್ಲ ತಾನೆ?

ನಾನು: ಇಲ್ಲ. ದಿನಾ ಡಬ್ಬಿ ತರಿಸೋದಕ್ಕೂ ನನ್ನ ಒಪ್ಪಿಗೆ ಇಲ್ಲ. ಆದರೆ ಫಾರ್ವರ್ಡ್‌ನಲ್ಲಿ "ನಾಲಿಗೆ ಕೋಟಿಯನ್ನು ತಿನ್ನುತ್ತಿದೆ" ಅಂತ ಇದೆಯಲ್ಲ, ಆ ಸಾಲನ್ನು ನಾನು ಯಾವ ಕಾಲಕ್ಕೂ ಒಪ್ಪಲ್ಲ. ಅಜ್ಜನ ಆ ಒಂದು ದಿನದ ದೋಸೆಯನ್ನೂ ಅದು ಸೇರಿಸಿಬಿಡುತ್ತೆ.

ದೊಡ್ಡ ಮಾವ: ಆಯ್ತು, ಆ ಸಾಲು ಬಿಡು. ಈ ತಿಂಗಳ ಎಸ್‌ಐಪಿ ಕಟ್ಟಿದ್ದೀಯಾ?

ನಾನು: 5ನೇ ತಾರೀಖಿಗೇ ಕಟ್ ಆಗಿದೆ ಮಾವ.