ಆಳ ತೋರಿಸುವ ಟ್ರಾನ್ಸ್‌ಡ್ಯೂಸರ್ ಹಾಕಲು ದೋಣಿಯ ತಳ ಕೊರೆಯಲೇಬೇಕಾ?

ಪ್ರಶ್ನೆ: ನಮಸ್ಕಾರ ಸರ್. ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ನನ್ನ ಹತ್ತಿರ 18 ಅಡಿಯ ಹಳೆಯ ಫೈಬರ್ ಹಾಯಿದೋಣಿ ಇದೆ. ಮಳೆಗಾಲದಲ್ಲಿ ಕಣದ ಪಕ್ಕದ ಶೆಡ್ಡಿನಲ್ಲಿರುತ್ತದೆ. ಆಮೇಲೆ ಅನುಮತಿ ತೆಗೆದುಕೊಂಡು ಹಾರಂಗಿ ಹಿನ್ನೀರಿಗೆ ಇಳಿಸುತ್ತೇನೆ. ನೀರಿಗೆ ಶಬ್ದ ಕಳಿಸಿ ಆಳ ಅಳೆಯುವ ಟ್ರಾನ್ಸ್‌ಡ್ಯೂಸರ್ ದೋಣಿಯ ಹಿಂಬದಿಯ ಹೊರಗಡೆ ಇದೆ. ಗಾಳಿಗೆ ದೋಣಿ ವಾಲಿದ ಕೂಡಲೇ ಆಳದ ಅಂಕಿ ಮಾಯ. ಈಗ ಅದು ಬಿರುಕೂ ಬಿಟ್ಟಿದೆ. ಹೊಸದಕ್ಕೆ ತಳದಲ್ಲಿ ಎರಡು ಇಂಚಿನ ತೂತು ಬೇಕು ಅಂತಾರೆ. ನಿಜವಾ?

ಉತ್ತರ: ಸದ್ಯಕ್ಕೆ ಕೊರೆಯಬೇಡಿ. ವಾಲಿದಾಗ ಹಿಂಬದಿಯ ಟ್ರಾನ್ಸ್‌ಡ್ಯೂಸರ್ ನೀರಿನಿಂದ ಮೇಲೆ ಬರುತ್ತದೆ, ಅಷ್ಟೇ. ಹಾಯಿದೋಣಿಗೆ ಅದು ಸರಿಯಾದ ಜಾಗವೇ ಅಲ್ಲ.

ನಿಮ್ಮ ದೋಣಿಯ ತಳ ಗಟ್ಟಿ ಫೈಬರ್ ಆಗಿದ್ದರೆ ಟ್ರಾನ್ಸ್‌ಡ್ಯೂಸರನ್ನು ಒಳಗಡೆಯಿಂದಲೇ ಅಂಟಿಸಬಹುದು. ಶಬ್ದ ಫೈಬರ್ ದಾಟಿ ನೀರಿಗೆ ಹೋಗಿ, ಹಿನ್ನೀರಿನ ತಳಕ್ಕೆ ಬಡಿದು ವಾಪಸ್ ಬರುತ್ತದೆ. ಆದರೆ ಎರಡು ಪದರದ ನಡುವೆ ಫೋಮ್ ಅಥವಾ ಹಗುರ ಮರ ಇದ್ದರೆ ಶಬ್ದ ಅಲ್ಲೇ ಸಾಯುತ್ತದೆ. ಕೊಳ್ಳುವಾಗಲೇ ‘ಒಳಗಡೆ ಕೂರಿಸುವಂಥದ್ದಾ’ ಅಂತ ಕೇಳಿ. ದೋಣಿಯ ಅಕ್ಕಪಕ್ಕದ ಚಿತ್ರ ತೋರಿಸುವ ಸೈಡ್ ಸ್ಕ್ಯಾನ್ ಮಾದರಿಗಳು ಒಳಗಿನಿಂದ ಕೆಲಸ ಮಾಡುವುದಿಲ್ಲ.

ಅಂಟಿಸುವ ಮೊದಲು ಪರೀಕ್ಷೆ ಮಾಡಿ. ದೋಣಿ ನೀರಿನಲ್ಲಿರಲಿ. ಸಣ್ಣ ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ, ಗಾಳಿ ಉಳಿಯದ ಹಾಗೆ ಕಟ್ಟಿ, ಒದ್ದೆ ಮಾಡಿದ ತಳದ ಮೇಲಿಡಿ. ಟ್ರಾನ್ಸ್‌ಡ್ಯೂಸರನ್ನು ಅದರ ಮೇಲೆ ಒತ್ತಿ ಹಿಡಿಯಿರಿ. ಆಳದ ಅಂಕಿ ಸ್ಥಿರವಾಗಿ ಬಂದರೆ ಜಾಗ ಸರಿ. ಕೀಲ್‌ಗಿಂತ (ತಳದಿಂದ ನೀರಿಗೆ ಇಳಿದಿರುವ ರೆಕ್ಕೆ) ಮುಂದೆ ಹುಡುಕಿ, ಹಿಂದೆ ಬೇಡ. ಅಲ್ಲಿ ನೀರು ಕಲಕಿ ಗುಳ್ಳೆ ಜಾಸ್ತಿ ಇರುತ್ತವೆ.

ಆಮೇಲೆ ಪೇಂಟ್ ಉಜ್ಜಿ ತೆಗೆದು, ಒರೆಸಿ ಒಣಗಿಸಿ, ಎಪಾಕ್ಸಿ ಅಂಟು ಹಾಕಿ ತಿರುಗಿಸುತ್ತಾ ಒತ್ತಿ. ಮಧ್ಯೆ ಒಂದು ಗಾಳಿಗುಳ್ಳೆಯೂ ಉಳಿಯಬಾರದು. ನಮ್ಮ ಜುಲೈ ಚಳಿಯಲ್ಲಿ ಎಪಾಕ್ಸಿ ತುಂಬಾ ನಿಧಾನವಾಗಿ ಗಟ್ಟಿಯಾಗುತ್ತದೆ. ಹತ್ತಿರ ಒಂದು ಬಲ್ಬ್ ಉರಿಸಿ, ಎರಡು ದಿನ ಮುಟ್ಟಬೇಡಿ. ಕೇಬಲ್ ಉದ್ದ ಜಾಸ್ತಿ ಅಂತ ಕತ್ತರಿಸಬೇಡಿ, ಸುತ್ತಿ ಕಟ್ಟಿಡಿ.

ಪ್ರಶ್ನೆ: ಫೋಮ್ ಇದ್ದರೆ ಏನು ಮಾಡಲಿ ಸರ್?

ಉತ್ತರ: ಆಗ ಕೊರೆಯಬೇಕು. ಮೊದಲು ಸಣ್ಣ ಡ್ರಿಲ್‌ನಲ್ಲಿ ಒಳಗಿನಿಂದ ಗುರುತು ಮಾಡಿ, ಆಮೇಲೆ ಹೊರಗಿನಿಂದ ದೊಡ್ಡ ತೂತು ತೆಗೆಯಿರಿ. ತೂತಿನ ಸುತ್ತ ಫೋಮ್ ಕೆರೆದು ಎಪಾಕ್ಸಿ ತುಂಬಿಸಿ. ಇಲ್ಲದಿದ್ದರೆ ನೀರು ಒಳಪದರಕ್ಕೆ ಇಳಿಯುತ್ತದೆ. ಸಾಮಾನ್ಯ ಬಾತ್‌ರೂಮ್ ಸಿಲಿಕೋನ್ ಬೇಡ, ದೋಣಿಯ ಸೀಲಂಟ್ ಬಳಸಿ. ನೀರಿಗಿಳಿಸಿದ ಮೊದಲ ದಿನ ದೋಣಿ ಬಿಟ್ಟು ಹೋಗಬೇಡಿ. ಗಂಟೆಗೊಮ್ಮೆ ಬೆರಳಿಟ್ಟು ತೇವ ನೋಡಿ.

ಪ್ರಶ್ನೆ: ತೋರಿಸುವ ಅಂಕಿ ನಂಬಬಹುದಾ?

ಉತ್ತರ: ಟ್ರಾನ್ಸ್‌ಡ್ಯೂಸರ್ ತನ್ನ ಮುಖದಿಂದ ಕೆಳಗಿನ ಆಳ ಹೇಳುತ್ತದೆ, ಕೀಲ್‌ನ ತುದಿಯಿಂದ ಅಲ್ಲ. ಅದು ನೀರಿನ ಮಟ್ಟದಿಂದ 30 ಸೆಂಟಿಮೀಟರ್ ಕೆಳಗಿದ್ದು, ಕೀಲ್ 1.2 ಮೀಟರ್ ಇಳಿದಿದ್ದರೆ, ತೋರಿಸಿದ ಆಳದಲ್ಲಿ 90 ಸೆಂಟಿಮೀಟರ್ ಕಳೆಯಬೇಕು. ಅದನ್ನು ಯಂತ್ರವೇ ಕಳೆಯಲಿ ಅಂದರೆ ಸೆಟ್ಟಿಂಗ್‌ನಲ್ಲಿ ಆಫ್‌ಸೆಟ್ ಮೈನಸ್ 0.9 ಕೊಡಿ. ಸಮುದ್ರದ ನೀರಿಗಿಂತ ಸಿಹಿನೀರಿನಲ್ಲಿ ಶಬ್ದ ಸ್ವಲ್ಪ ನಿಧಾನ. ಹಾಗಾಗಿ ಹತ್ತು ಮೀಟರ್ ಆಳಕ್ಕೆ ಹತ್ತು ಸೆಂಟಿಮೀಟರಿನಷ್ಟು ಜಾಸ್ತಿ ತೋರಿಸಬಹುದು. ಅದಕ್ಕೆ ತಲೆಕೆಡಿಸಿಕೊಳ್ಳಬೇಡಿ.

ಹಾರಂಗಿ ತುಂಬಿದರೆ ನೀರಿನ ಮಟ್ಟ ಸಮುದ್ರ ಮಟ್ಟದಿಂದ 2,859 ಅಡಿ, ಬೇಸಿಗೆಯಲ್ಲಿ ಎಷ್ಟೋ ಕೆಳಗೆ. 2018ರ ಭೂಕುಸಿತದ ಮೇಲೆ ಹೂಳೂ ಸೇರಿದೆ. ಹೋದ ವರ್ಷದ ಅಂಕಿ ನೆನಪಿಟ್ಟುಕೊಂಡು ದೋಣಿ ಓಡಿಸಬೇಡಿ. ಮೊದಲ ದಿನ ಹಗ್ಗಕ್ಕೆ ಕಲ್ಲು ಕಟ್ಟಿ, ಮೂರು ಕಡೆ ಇಳಿಸಿ, ಅಂಕಿಗೆ ಹೋಲಿಸಿ ನೋಡಿ.