ಸಿ ಭಾಷೆ: ಸ್ಟ್ರ್‌ಟಾಕ್‌ನಿಂದ ಬಿಡಿಸಿಟ್ಟ ಪದಗಳು ಮುಂದಿನ ಸಾಲು ಓದಿದೊಡನೆ ಕೆಡುತ್ತಿವೆ

ಪ್ರಶ್ನೆ:
ಫೈಲನ್ನು ಎಫ್‌ಗೆಟ್ಸ್‌ನಿಂದ ಸಾಲುಸಾಲಾಗಿ ಓದಿ, ಸ್ಟ್ರ್‌ಟಾಕ್‌ನಿಂದ ಪದ ಬಿಡಿಸಿ, ಸಿಕ್ಕ ಪಾಯಿಂಟರುಗಳನ್ನು (ಪದ ಇರುವ ಮೆಮೊರಿ ವಿಳಾಸಗಳನ್ನು) ಒಂದು ಅರೇಯಲ್ಲಿ ಇಡುತ್ತಿದ್ದೇನೆ. ಲೂಪಿನೊಳಗೆ ಪ್ರಿಂಟ್ ಮಾಡಿದರೆ ಸರಿ ಇದೆ. ಫೈಲ್ ಮುಗಿದ ಮೇಲೆ ನೋಡಿದರೆ ಬರೀ ಕೊನೆಯ ಸಾಲಿನ ಪದಗಳು, ನಡುನಡುವೆ ಕಸ. ಸಾಲಿನ ಕೊನೆಯ ಪದವಂತೂ ಸ್ಟ್ರಿಂಗ್ ಹೋಲಿಸುವ ಸ್ಟ್ರ್‌ಸಿಎಂಪಿಯಲ್ಲಿ ಹೊಂದುವುದೇ ಇಲ್ಲ. ಡಿಲಿಮಿಟರ್ (ಪದ ಬೇರ್ಪಡಿಸುವ ಚಿಹ್ನೆ) ಸ್ಪೇಸ್ ಮಾತ್ರ.

ಉತ್ತರ:
ಸ್ಟ್ರ್‌ಟಾಕ್ ಹೊಸ ಸ್ಟ್ರಿಂಗ್ ಮಾಡಿಕೊಡುವುದಿಲ್ಲ. ಸಾಲು ಓದಿಟ್ಟ ನಿಮ್ಮ ಬಫರಿನಲ್ಲೇ ಸ್ಪೇಸ್ ಇದ್ದಲ್ಲಿ ನಲ್ ಬೈಟ್ (ಸ್ಟ್ರಿಂಗ್ ಮುಗಿಯಿತೆನ್ನುವ 0) ಬರೆದು, ಪದ ಶುರುವಾಗುವ ವಿಳಾಸ ಕೊಡುತ್ತದೆ, ಅಷ್ಟೇ. 'ಮಳೆ ಬಂತು' ಎಂಬ ಸಾಲು ತೆಗೆದುಕೊಳ್ಳಿ. ಯುಟಿಎಫ್-8ರಲ್ಲಿ 'ಮಳೆ' 9 ಬೈಟ್, ಹಾಗಾಗಿ ಎರಡನೇ ಪಾಯಿಂಟರ್ ಬಫರಿನ 10ನೇ ಇಂಡೆಕ್ಸಿಗೆ (0ಯಿಂದ ಎಣಿಸಿ). ಮುಂದಿನ ಸಾಲು 'ಗಾಳಿ ಬೀಸಿತು' ಅದೇ ಬಫರಿಗೆ ಬಂದು ಕೂರುತ್ತದೆ. 'ಗಾಳಿ' 12 ಬೈಟ್. ಹಳೆಯ ಪಾಯಿಂಟರ್ ಈಗ ಗುಡಿಸಿನ ಮೂರು ಬೈಟುಗಳ ನಡುವೆ ನಿಂತಿದೆ. ನಿಮಗೆ ಕಾಣುವ ಕಸ ಅದೇ.

ಪ್ರತಿ ಪದವನ್ನೂ ಸ್ಟ್ರ್‌ಡಪ್‌ನಿಂದ ನಕಲು ಮಾಡಿ ಇಡಿ. ನಲ್ ಪಾಯಿಂಟರ್ ಬಂದಿತೇ (ಮೆಮೊರಿ ಸಿಗದಿದ್ದರೆ ಬರುತ್ತದೆ) ನೋಡಿ, ಕೆಲಸ ಮುಗಿದ ಮೇಲೆ ಒಂದೊಂದನ್ನೂ ಫ್ರೀ ಮಾಡಿ. ಸ್ಟ್ರ್‌ಡಪ್ ಇಲ್ಲದ ಕಡೆ ಮೆಮೊರಿ ಕೊಡುವ ಮ್ಯಾಲಾಕ್‌ನಿಂದ, ಉದ್ದ ಹೇಳುವ ಸ್ಟ್ರ್‌ಲೆನ್ ಕೊಟ್ಟದ್ದಕ್ಕಿಂತ 1 ಬೈಟ್ ಹೆಚ್ಚು ಕೇಳಿ, ಅಲ್ಲಿಗೆ ನಕಲಿಸಿ. ಆ ಒಂದು ಬೈಟ್ ಮರೆತರೆ ಪ್ರೋಗ್ರಾಂ ಎಲ್ಲೋ ದೂರದಲ್ಲಿ ಬೀಳಬಹುದು, ಹುಡುಕುವುದು ಕಷ್ಟ.

ಕೊನೆಯ ಪದ ಹೊಂದದಿರುವುದಕ್ಕೆ ಎಫ್‌ಗೆಟ್ಸ್ ಬಫರಿನಲ್ಲೇ ಉಳಿಸುವ ನ್ಯೂಲೈನ್ ಕಾರಣ. ಡಿಲಿಮಿಟರಿನಲ್ಲಿ ಸ್ಪೇಸ್, ಟ್ಯಾಬ್, ಕ್ಯಾರಿಜ್ ರಿಟರ್ನ್, ನ್ಯೂಲೈನ್ ನಾಲ್ಕೂ ಇರಲಿ. ಕನ್ನಡ ಅಕ್ಷರದ ಯಾವ ಬೈಟೂ 128ಕ್ಕಿಂತ ಕಡಿಮೆಯಿಲ್ಲ, ಈ ಡಿಲಿಮಿಟರುಗಳೆಲ್ಲ ಅದಕ್ಕಿಂತ ಕಡಿಮೆ, ಆದ್ದರಿಂದ ಅಕ್ಷರ ಒಡೆಯುವ ಭಯವಿಲ್ಲ.

ಮರುಪ್ರಶ್ನೆ:
ಎರಡೂ ಸರಿಹೋದವು, ಧನ್ಯವಾದ. ಈಗ ಅದೇ ಲೂಪಿನೊಳಗೆ ಪ್ರತಿ ಪದವನ್ನು ಹೈಫನ್ ಇದ್ದಲ್ಲಿ ಮತ್ತೆ ಬಿಡಿಸಿದರೆ, ಹೊರಗಿನ ಲೂಪ್ ಮೊದಲ ಪದಕ್ಕೇ ನಿಲ್ಲುತ್ತದೆ.

ಇನ್ನೊಬ್ಬರ ಉತ್ತರ:
ಸ್ಟ್ರ್‌ಟಾಕ್ ಎಲ್ಲಿಗೆ ಬಂದೆ ಎಂಬುದನ್ನು ತನ್ನೊಳಗಿನ ಒಂದೇ ಸ್ಟ್ಯಾಟಿಕ್ ಪಾಯಿಂಟರಿನಲ್ಲಿ ಇಟ್ಟುಕೊಳ್ಳುತ್ತದೆ. ಒಳಗಿನ ಲೂಪ್ ಅದನ್ನು ಅಳಿಸಿಬಿಟ್ಟಿದೆ. ಲಿನಕ್ಸಿನಲ್ಲಾದರೆ ಸ್ಟ್ರ್‌ಟಾಕ್‌_ಆರ್ ಬಳಸಿ, ಒಳಗೊಂದು ಹೊರಗೊಂದು ಬೇರೆ ಬೇರೆ ಸೇವ್ ಪಾಯಿಂಟರ್ ಕೊಡಿ.

ನನ್ನ ಕೇಳಿದರೆ ಸ್ಟ್ರ್‌ಟಾಕ್ ಬಿಟ್ಟೇಬಿಡಿ. ಸ್ಟ್ರ್‌ಸ್ಪಾನ್ ಕೊಟ್ಟಷ್ಟು ಬೈಟ್ ಮುಂದೆ ಹೋದರೆ ಡಿಲಿಮಿಟರುಗಳು ದಾಟುತ್ತವೆ. ಅಲ್ಲಿಂದ ಸ್ಟ್ರ್‌ಸಿಸ್ಪಾನ್ ಕೊಡುವುದು ಪದದ ಉದ್ದ. ಉದ್ದ 0 ಬಂದರೆ ಸಾಲು ಮುಗಿಯಿತು. ಬಫರಿಗೆ ಏನೂ ಬರೆಯುವುದಿಲ್ಲವಾದ್ದರಿಂದ ಸ್ಟ್ರಿಂಗ್ ಲಿಟರಲ್ ಮೇಲೂ ನಡೆಯುತ್ತದೆ, ಎಷ್ಟು ಲೂಪ್ ಒಳಗೊಳಗೆ ಇದ್ದರೂ ಗೊಂದಲವಿಲ್ಲ.

ಒಂದು ನೋಡಿಕೊಳ್ಳಿ: ಬಫರಿಗಿಂತ ಉದ್ದದ ಸಾಲನ್ನು ಎಫ್‌ಗೆಟ್ಸ್ ನಡುವೆ ಕತ್ತರಿಸುತ್ತದೆ, ಆಗ ಒಂದು ಪದ ಎರಡಾಗಬಹುದು. ಫೈಲ್ ಮುಗಿಯದೆ ಬಫರಿನಲ್ಲಿ ನ್ಯೂಲೈನ್ ಕಾಣದಿದ್ದರೆ, ಉಳಿದ ಭಾಗ ಓದಿ ಸೇರಿಸಿದ ಮೇಲೆಯೇ ಬಿಡಿಸಿ.